ಸುರುಳಿ ಭಂಡಾರದಲ್ಲಿ ದೋಷ ಎಲ್ಲಿದೆ?

ಇಚಲಕರಂಜಿಯ ಶೆಡ್ಡಿನಲ್ಲಿ ಒಂದು ಮಗ್ಗ ಇದ್ದಕ್ಕಿದ್ದಂತೆ ನಿಂತರೆ ಅನುಭವಿ ಜಾಬರನು ಮೊದಲು ಪಾನಾ ಎತ್ತಿಕೊಳ್ಳುವುದಿಲ್ಲ; ನೋಡುತ್ತಾನೆ. ಹೊಕ್ಕಿನ ನೂಲು ಮುಗಿದಿದೆಯೇ, ಹಾಸಿನ ಎಳೆ ಹರಿದಿದೆಯೇ, ಲಾಳಿ ದಾರಿ ತಪ್ಪಿದೆಯೇ, ಅಥವಾ ಮಗ್ಗದ ಅಂಗವೇ ಸವೆದಿದೆಯೇ ಎಂಬುದು ತಿಳಿಯುವವರೆಗೆ ಅವನ ಕೈ ಸುಮ್ಮನಿರುತ್ತದೆ. ಮೇಲಿಂದ ಮೇಲೆ ಎಳೆ ಹರಿಯತೊಡಗಿದರೆ ನೂಲನ್ನು ಬೈಯುವವರೇ ಹೆಚ್ಚು. ಆದರೆ ಲಾಳಿಯ ಮರದಲ್ಲಿ ಎದ್ದ ಒಂದು ಸಣ್ಣ ಸಿಬಿರು ಎಂತಹ ಒಳ್ಳೆಯ ಹಾಸನ್ನೂ ಕತ್ತರಿಸುತ್ತ ಹೋಗುತ್ತದೆ. ಅಂತಹ ಲಾಳಿಯನ್ನು ಹಾಗೆಯೇ ಬಿಟ್ಟು ನೂಲನ್ನು ಬದಲಿಸಿದರೆ ಹೊಸ ನೂಲೂ ಹಾಳಾಗುತ್ತದೆ.

ವಿಠ್ಠಲರಾವ ದಾತಾರರು 1904ರಲ್ಲಿ ಇಚಲಕರಂಜಿಯಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. ಅಂದಿನಿಂದ ಹಾತಕಣಂಗಲೆ ತಾಲೂಕಿನ ಎಷ್ಟೋ ಮನೆಗಳಲ್ಲಿ ಈ ವಿವೇಕವು ತಂದೆಯಿಂದ ಮಗನಿಗೆ ಬಂದಿದೆ. ಅಂತಹ ಮನೆಗಳ ಮಕ್ಕಳು ಈಗ ಪುಣೆ, ಬೆಂಗಳೂರುಗಳ ಕಂಪ್ಯೂಟರ್ ಕೇಂದ್ರಗಳಿಗೆ ರಾತ್ರಿ ಪಾಳಿಗೆ ಹೋಗುವುದುಂಟು. ಅಲ್ಲಿಯ ತಣ್ಣನೆಯ ಕೋಣೆಗಳಲ್ಲಿ ಮಗ್ಗದ ಸದ್ದಿಲ್ಲ. ಆದರೂ ಜಾಬರನ ಕಣ್ಣೇ ಬೇಕಾಗುವ ಒಂದು ಯಂತ್ರ ಅಲ್ಲಿದೆ. ಅದರ ಹೆಸರು ಟೇಪ್ ಲೈಬ್ರರಿ.

ಟೇಪು ಎಂದೊಡನೆ ಹಿರಿಯರಿಗೆ ಭಜನೆಯ, ಸಣ್ಣಾಟದ ಕ್ಯಾಸೆಟ್ಟುಗಳು ನೆನಪಾಗಬಹುದು. ಸಡಿಲಗೊಂಡ ಸುರುಳಿಯನ್ನು ಪೆನ್ಸಿಲು ತೂರಿಸಿ ಬಿಗಿ ಮಾಡಿದ್ದು ನೆನಪಾಗಬಹುದು. ಹಾಡಿನ ಕ್ಯಾಸೆಟ್ಟು ಮನೆಗಳಿಂದ ಮರೆಯಾಯಿತು, ಕಂಪ್ಯೂಟರಿನ ಟೇಪು ಮರೆಯಾಗಲಿಲ್ಲ. 1951ರಲ್ಲಿ ಯೂನಿವ್ಯಾಕ್ ಯಂತ್ರಕ್ಕೆ ಜೋಡಿಸಿದ ಮೊದಲ ಟೇಪು ಲೋಹದ್ದು, ಅರ್ಧ ಇಂಚು ಅಗಲದ್ದು. ಇಂದು ಬಳಕೆಯಲ್ಲಿರುವ ಎಲ್‌ಟಿಒ ಎಂಬ ಜಾತಿಯ ಟೇಪಿನ ಅಗಲವೂ ಅಷ್ಟೇ. ಒಳಗಿನದು ಮಾತ್ರ ಗುರುತು ಸಿಗದಷ್ಟು ಬದಲಾಗಿದೆ. 2000ದಲ್ಲಿ ಬಂದ ಮೊದಲ ಪೀಳಿಗೆಯ ಎಲ್‌ಟಿಒ ಕಾರ್ಟ್ರಿಜ್ 100 ಗಿಗಾಬೈಟ್ ಹಿಡಿಸುತ್ತಿತ್ತು. 2021ರಲ್ಲಿ ಬಂದ ಒಂಬತ್ತನೆಯ ಪೀಳಿಗೆಯದು 18 ಟೆರಾಬೈಟ್, ಅಂದರೆ ಅದರ 180 ಪಟ್ಟು, ಹಿಡಿಸುತ್ತದೆ. ಅಂಗೈಯಗಲದ ಆ ಡಬ್ಬಿಯೊಳಗೆ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪಟ್ಟಿ ಒಂದು ಕಿಲೋಮೀಟರಿಗೂ ಉದ್ದವಾಗಿ ಸುತ್ತಿಕೊಂಡಿರುತ್ತದೆ.

ಕಪಾಟಿನಲ್ಲಿಟ್ಟ ಟೇಪಿಗೆ ವಿದ್ಯುತ್ತು ಬೇಡ. ಅದಕ್ಕಿಂತ ದೊಡ್ಡ ಗುಣವೆಂದರೆ, ಖಾನೆಯಲ್ಲಿ ಕುಳಿತ ಟೇಪು ಯಾವ ಜಾಲಕ್ಕೂ ತಗುಲಿಕೊಂಡಿರುವುದಿಲ್ಲ. 2011ರ ಫೆಬ್ರುವರಿ ಕೊನೆಯಲ್ಲಿ ಜಿಮೇಲ್ ಬಳಕೆದಾರರಲ್ಲಿ ಶೇಕಡಾ 0.02ರಷ್ಟು ಜನರ ಅಂಚೆಪೆಟ್ಟಿಗೆಗಳು ಒಮ್ಮೆಗೇ ಬರಿದಾಗಿ ಕಂಡವು. ಗೂಗಲ್ ಸಂಸ್ಥೆಯು ಅದೇ ಮಾಹಿತಿಯ ಹಲವು ಪ್ರತಿಗಳನ್ನು ಬೇರೆ ಬೇರೆ ಕಡೆ ಇಟ್ಟಿತ್ತು. ಆದರೆ ತಂತ್ರಾಂಶದಲ್ಲಿ ಸೇರಿದ್ದ ದೋಷವು ಆ ಪ್ರತಿಗಳಿಗೂ ತಟ್ಟಿತ್ತು. ಕೊನೆಗೆ ಪತ್ರಗಳನ್ನು ಮರಳಿಸಿದ್ದು ಟೇಪು. ಜಾಲದ ಹೊರಗಿದ್ದುದರಿಂದಲೇ ಅದು ಉಳಿದುಕೊಂಡಿತ್ತು.

ಲೈಬ್ರರಿ ಎಂಬ ಹೆಸರು ಈ ಯಂತ್ರಕ್ಕೆ ಒಪ್ಪುವಂಥದ್ದು. ಒಂದು ಬೀರುವಿನೊಳಗೆ ಸಾಲಾಗಿ ಖಾನೆಗಳು, ಖಾನೆಗೊಂದು ಕಾರ್ಟ್ರಿಜ್, ಕಾರ್ಟ್ರಿಜ್ಜಿನ ಬೆನ್ನಿಗೆ ಬಾರ್‌ಕೋಡ್ ಚೀಟಿ. ಬೀರುವಿನ ಒಂದು ಬದಿಯಲ್ಲಿ ಟೇಪನ್ನು ಓದಿ ಬರೆಯುವ ಡ್ರೈವುಗಳು. ಇವೆರಡರ ನಡುವೆ ಹಳಿಯ ಮೇಲೆ ಓಡಾಡುವ ಒಂದು ಯಂತ್ರದ ಕೈ. ಆಜ್ಞೆ ಬಂದೊಡನೆ ಆ ಕೈ ಚೀಟಿಯನ್ನು ಓದಿ, ಬೇಕಾದ ಕಾರ್ಟ್ರಿಜ್ಜನ್ನು ಹಿಡಿದು, ಡ್ರೈವಿನ ಬಾಯಿಗೆ ಕೊಡುತ್ತದೆ; ಕೆಲಸ ಮುಗಿದ ಮೇಲೆ ಹೊರಬಂದುದನ್ನು ಮತ್ತೆ ಖಾನೆಯಲ್ಲಿಡುತ್ತದೆ. ಸಣ್ಣ ಲೈಬ್ರರಿಗಳಲ್ಲಿ ಇಪ್ಪತ್ತು ಮೂವತ್ತು ಖಾನೆಗಳಿದ್ದರೆ, ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಂತಹ ಕಡೆ ಸಾವಿರಾರು. ಅಲ್ಲಿ ಕಣಗಳ ಡಿಕ್ಕಿಯಿಂದ ಹುಟ್ಟುವ ಮಾಹಿತಿಯನ್ನು ದೀರ್ಘಕಾಲಕ್ಕೆ ಟೇಪಿನಲ್ಲಿಯೇ ಇಡುತ್ತಾರೆ.

ಇಂತಹ ಯಂತ್ರವು ನಡುರಾತ್ರಿ ನಿಂತಿತೆನ್ನಿ. ಮುಂಭಾಗದಲ್ಲಿ ಹಳದಿ ದೀಪ. ಬ್ಯಾಕಪ್ ಅರ್ಧಕ್ಕೆ ನಿಂತಿದೆ. ಪಾಳಿಯಲ್ಲಿರುವ ಹುಡುಗನಿಗೆ ಮೊದಲು ತೋಚುವುದು ಸ್ವಿಚ್ ಆರಿಸಿ ಮತ್ತೆ ಹಾಕುವುದು. ಮನೆಯ ಟಿವಿಗೆ ಅದು ಸರಿ ಹೋಗಬಹುದು, ಇಲ್ಲಿ ಅದು ಕೊನೆಯ ಉಪಾಯವಾಗಿರಬೇಕು. ಎಲ್‌ಟಿಒ ಕಾರ್ಟ್ರಿಜ್ಜಿನೊಳಗೆ ಇರುವುದು ಒಂದೇ ಸುರುಳಿ. ಡ್ರೈವು ಟೇಪಿನ ತುದಿಯಲ್ಲಿರುವ ಸಣ್ಣ ಲೋಹದ ಕಡ್ಡಿಯನ್ನು ಹಿಡಿದೆಳೆದು, ಪಟ್ಟಿಯನ್ನು ತನ್ನ ಒಳಗಿನ ಇನ್ನೊಂದು ಸುರುಳಿಗೆ ಸುತ್ತಿಕೊಳ್ಳುತ್ತದೆ. ಕೆಲಸದ ನಡುವೆ ಟೇಪಿನ ಅರ್ಧ ಡಬ್ಬಿಯಲ್ಲಿ, ಅರ್ಧ ಯಂತ್ರದ ಹೊಟ್ಟೆಯಲ್ಲಿ. ಆ ಹೊತ್ತಿನಲ್ಲಿ ಕೈ ಹಾಕಿ ಕಿತ್ತರೆ ಹರಿಯುವುದು ಯಂತ್ರವಲ್ಲ, ಟೇಪು. ಯಂತ್ರವನ್ನು ಕಂಪನಿಯವರು ಬದಲಿಸಿ ಕೊಡುತ್ತಾರೆ. ಟೇಪಿನಲ್ಲಿದ್ದುದನ್ನು ಯಾರೂ ಬದಲಿಸಿ ಕೊಡಲಾರರು. ಈ ಯಂತ್ರದ ದುರಸ್ತಿಯ ಕ್ರಮವೆಲ್ಲ ಹುಟ್ಟಿರುವುದು ಈ ಒಂದು ಸಂಗತಿಯಿಂದ.

ಆದ್ದರಿಂದ ಮೊದಲ ಕೆಲಸ ಬರೆದುಕೊಳ್ಳುವುದು. ಎಷ್ಟು ಗಂಟೆಗೆ ನಿಂತಿತು, ಯಾವ ಡ್ರೈವು, ಯಾವ ಕಾರ್ಟ್ರಿಜ್, ಯಾವ ಖಾನೆಯಿಂದ ಬಂದದ್ದು, ತೆರೆಯ ಮೇಲೆ ಬಂದ ಸಂಕೇತ ಯಾವುದು. ಇದನ್ನು ಬೇಸರದ ಕೆಲಸವೆಂದು ಬಿಟ್ಟವರು ಬೆಳಗಿನ ಜಾವದ ಹೊತ್ತಿಗೆ ತಾವು ಯಾವುದನ್ನು ಎಲ್ಲಿಂದ ತೆಗೆದು ಎಲ್ಲಿಟ್ಟೆವೆಂಬುದನ್ನೇ ಮರೆತಿರುತ್ತಾರೆ.

ಬಳಿಕ ದೋಷವು ಟೇಪಿನದೋ ಡ್ರೈವಿನದೋ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಕಂಡುಕೊಳ್ಳುವ ದಾರಿ ಶಾಲೆಯ ಮಕ್ಕಳಿಗೂ ಹೊಳೆಯುವಂಥದ್ದು: ಅದೇ ಡ್ರೈವಿಗೆ ಬೇರೆ ಟೇಪು, ಅದೇ ಟೇಪಿಗೆ ಬೇರೆ ಡ್ರೈವು. ತಪ್ಪು ಟೇಪಿನ ಬೆನ್ನು ಹತ್ತಿ ಹೋದರೆ ದೋಷ ಟೇಪಿನದು. ಡ್ರೈವಿನಲ್ಲಿಯೇ ಉಳಿದರೆ ದೋಷ ಡ್ರೈವಿನದು. ತರ್ಕ ಸರಿಯಾಗಿಯೇ ಇದೆ. ಆದರೆ ಸಿಬಿರೆದ್ದ ಲಾಳಿಯನ್ನು ಇಲ್ಲಿ ನೆನೆಯಬೇಕು. ಒಳಗೆ ಕೆಟ್ಟಿರುವ ಡ್ರೈವು ತನ್ನೊಳಗೆ ಬಂದ ಪ್ರತಿಯೊಂದು ಟೇಪಿಗೂ ಗಾಯ ಮಾಡಬಲ್ಲದು. ಅಂಚು ಮಡಚಿದ ಅಥವಾ ಧೂಳು ಹಿಡಿದ ಟೇಪು ತಾನು ಹೋದ ಪ್ರತಿಯೊಂದು ಡ್ರೈವಿನ ಓದುಗೋಲನ್ನು ಕೆಡಿಸಬಲ್ಲದು. ಅವಸರದಲ್ಲಿ ಒಂದನ್ನು ಇನ್ನೊಂದಕ್ಕೆ ಹಾಕಿ ನೋಡುತ್ತ ಹೋದವನು ಒಂದು ದೋಷವನ್ನು ಕೋಣೆಯ ತುಂಬ ಬಿತ್ತಿರುತ್ತಾನೆ. ಆ ಕಾರಣದಿಂದ ಅನುಮಾನದ ಡ್ರೈವಿಗೆ ಮೊದಲು ಹಾಕಬೇಕಾದುದು ಏನೂ ಬರೆಯದ ಖಾಲಿ ಟೇಪು. ಕಳೆದ ತಿಂಗಳ ಒಂದೇ ಒಂದು ಪ್ರತಿ ಇರುವ ಟೇಪನ್ನು ಪರೀಕ್ಷೆಗೆ ಒಡ್ಡುವುದು, ಸೇತುವೆ ಗಟ್ಟಿಯಿದೆಯೇ ಎಂದು ನೋಡಲು ಮದುವೆಯ ದಿಬ್ಬಣವನ್ನೇ ಕಳಿಸಿದಂತೆ. ಅನುಮಾನದ ಟೇಪನ್ನೂ ಹಾಗೆಯೇ ಡ್ರೈವಿನಿಂದ ಡ್ರೈವಿಗೆ ತಿರುಗಿಸಬಾರದು. ಮೊದಲು ಕೈಯಲ್ಲಿ ಹಿಡಿದು, ಡಬ್ಬಿ ಬಿರುಕು ಬಿಟ್ಟಿದೆಯೇ, ತುದಿಯ ಕಡ್ಡಿ ತನ್ನ ಜಾಗದಲ್ಲಿದೆಯೇ ಎಂದು ನೋಡಬೇಕು. ನೆಲಕ್ಕೆ ಬಿದ್ದ ಕಾರ್ಟ್ರಿಜ್ಜಿನ ಹೊರಮೈ ಚೆನ್ನಾಗಿಯೇ ಕಾಣಬಹುದು. ಒಳಗೆ ಆ ಕಡ್ಡಿ ಜಾರಿದ್ದರೆ ಮುಂದಿನ ಡ್ರೈವಿಗೆ ಕುತ್ತು ಕಾದಿದೆ. ಬೀಳಿಸಿದವನು ಸುಮ್ಮನೆ ಎತ್ತಿ ಖಾನೆಯಲ್ಲಿಟ್ಟು ಹೋಗುವುದೇ ಇಂತಹ ಕೋಣೆಗಳಲ್ಲಿ ನಡೆಯುವ ದೊಡ್ಡ ತಪ್ಪು. ಬೈಗುಳದ ಭಯವಿರುವಲ್ಲಿ ಈ ತಪ್ಪು ಹೆಚ್ಚು ಎಂಬುದನ್ನು ಮೇಲಧಿಕಾರಿಗಳು ತಿಳಿದರೆ ಒಳ್ಳೆಯದು.

ಡ್ರೈವು ಆಗಾಗ ತನ್ನನ್ನು ಶುಚಿ ಮಾಡೆಂದು ಕೇಳುತ್ತದೆ. ಅದಕ್ಕೆಂದೇ ಒಂದು ಕಾರ್ಟ್ರಿಜ್ ಇದೆ; ಅದರ ಚೀಟಿ ಸಿಎಲ್‌ಎನ್ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಸಾಮಾನ್ಯವಾಗಿ ಅದನ್ನು 50 ಸಲ ಬಳಸಬಹುದು, ಆಮೇಲೆ ಎಸೆಯಬೇಕು. ಅವಧಿ ಮುಗಿದ ಶುಚಿ ಟೇಪನ್ನೇ ಒಳಗಿಟ್ಟು, ಡ್ರೈವು ಎಷ್ಟು ತೊಳೆದರೂ ಸರಿಯಾಗದೆಂದು ಗೋಳಾಡಿದವರಿದ್ದಾರೆ. ಹಾಗೆಂದು ದಿನಕ್ಕೆರಡು ಸಲ ತಿಕ್ಕಿಸುವುದೂ ತರವಲ್ಲ. ಆ ಟೇಪಿನ ಮೈ ಒರಟಾದ್ದರಿಂದ ಓದುಗೋಲು ಸವೆಯುತ್ತದೆ. ಒಂದೇ ಕಾರ್ಟ್ರಿಜ್ ಹೋದ ಹೋದ ಡ್ರೈವೆಲ್ಲ ಶುಚಿ ಕೇಳತೊಡಗಿದರೆ ಕೊಳೆ ಇರುವುದು ಡ್ರೈವುಗಳಲ್ಲಲ್ಲ ಎಂಬುದು ಸ್ಪಷ್ಟ.

ಎಷ್ಟೋ ಸಲ ಯಂತ್ರದಲ್ಲಾಗಲಿ ಟೇಪಿನಲ್ಲಾಗಲಿ ದೋಷವೇ ಇರುವುದಿಲ್ಲ. ಯಾರೋ ಬೀರು ತೆರೆದು ಏಳನೆಯ ಖಾನೆಯ ಕಾರ್ಟ್ರಿಜ್ಜನ್ನು ಹದಿನೇಳನೆಯದರಲ್ಲಿಟ್ಟಿರುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಯಂತ್ರವು ಚೀಟಿಗಳನ್ನು ಓದಿ ತನ್ನ ಪಟ್ಟಿಯನ್ನು ತಿದ್ದಿಕೊಂಡಿರುತ್ತದೆ. ಬ್ಯಾಕಪ್ ತಂತ್ರಾಂಶದ ಪಟ್ಟಿ ಮಾತ್ರ ಹಳೆಯದೇ. ಆಳು ಒಂದು ಲೆಕ್ಕ ಹೇಳುತ್ತಾನೆ, ಯಜಮಾನ ಇನ್ನೊಂದು ಲೆಕ್ಕ ಇಟ್ಟುಕೊಂಡಿದ್ದಾನೆ. ಎರಡೂ ಪಟ್ಟಿಗಳನ್ನು ಮತ್ತೆ ತಾಳೆ ನೋಡಿಸಿದರೆ ಜಗಳ ಮುಗಿಯುತ್ತದೆ. ಬಾರ್‌ಕೋಡ್ ಚೀಟಿಯ ಮೂಲೆ ಎದ್ದು ಖಾನೆಗೆ ಅಂಟಿಕೊಂಡರೆ ಯಂತ್ರದ ಕೈ ಎಳೆದು ಎಳೆದು ಸೋಲುತ್ತದೆ. ಹಣ ಉಳಿಸಲೆಂದು ಕಚೇರಿಯ ಸಾದಾ ಕಾಗದದಲ್ಲಿ ಚೀಟಿ ಮುದ್ರಿಸಿ ಗೋಂದು ಹಚ್ಚಿದ ಕಡೆ ಇದು ತಪ್ಪದು.

ಚೀಟಿಯ ಮೇಲೆ ಎಂಟು ಅಕ್ಷರಗಳಿರುತ್ತವೆ. ಕೊನೆಯ ಎರಡು ಪೀಳಿಗೆಯನ್ನು ಹೇಳುತ್ತವೆ. ಅದನ್ನು ನೋಡದೆ ಹಳೆಯ ಟೇಪನ್ನು ಹೊಸ ಡ್ರೈವಿಗೆ ಹಾಕಿ, ಯಂತ್ರ ಒಲ್ಲೆನೆಂದಾಗ ದೂರು ಬರೆಯುವವರು ಅನೇಕ. ಏಳನೆಯ ಪೀಳಿಗೆಯವರೆಗಿನ ಡ್ರೈವುಗಳು ತಮ್ಮ ಹಿಂದಿನ ಎರಡು ಪೀಳಿಗೆಯ ಟೇಪುಗಳನ್ನು ಓದುತ್ತಿದ್ದವು. ಎಂಟು ಮತ್ತು ಒಂಬತ್ತನೆಯವು ಹಿಂದಿನ ಒಂದನ್ನು ಮಾತ್ರ ಓದುತ್ತವೆ. ಒಂಬತ್ತನೆಯದಕ್ಕೆ ಇನ್ನೊಂದು ವಿಚಿತ್ರ ಗುಣವಿದೆ. ಹೊಚ್ಚ ಹೊಸ ಕಾರ್ಟ್ರಿಜ್ಜನ್ನು ಮೊದಲ ಸಲ ಹಾಕಿದಾಗ ಡ್ರೈವು ಅದರ ಮೈಯನ್ನೆಲ್ಲ ಅಳೆದು ತನಗೆ ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಎರಡು ಗಂಟೆಯವರೆಗೂ ಹಿಡಿಯಬಹುದು. ಆ ಹೊತ್ತೆಲ್ಲ ಡ್ರೈವು ಯಾವ ಕೆಲಸಕ್ಕೂ ಸಿಗದಿರುವುದರಿಂದ, ಸಿಲುಕಿತೆಂದು ಬಗೆದು ಸ್ವಿಚ್ಚಿಗೆ ಕೈ ಹಾಕುವವರುಂಟು. ಇಲ್ಲಿ ದೋಷವಿರುವುದು ಕಾಯಲಾರದ ಮನುಷ್ಯನಲ್ಲಿ.

ನಿಧಾನದ ದೂರು ಬೇರೆಯದೇ ಬಗೆಯದು. ಒಂಬತ್ತನೆಯ ಪೀಳಿಗೆಯ ಡ್ರೈವು ಕ್ಷಣಕ್ಕೆ 400 ಮೆಗಾಬೈಟ್‌ವರೆಗೆ ಬರೆಯಬಲ್ಲದು. ಕಳಿಸುವ ಕಂಪ್ಯೂಟರಿಗೆ ಅಷ್ಟು ವೇಗವಿಲ್ಲದಿದ್ದರೆ ಡ್ರೈವು ಬರೆಯಲು ಏನೂ ಇಲ್ಲದೆ ನಿಲ್ಲಬೇಕಾಗುತ್ತದೆ. ಓಡುವ ಟೇಪು ಥಟ್ಟನೆ ನಿಲ್ಲದು. ಸ್ವಲ್ಪ ಮುಂದೆ ಹೋಗಿ, ಹಿಂದಕ್ಕೆ ಸುತ್ತಿ, ಬಿಟ್ಟ ಜಾಗ ಹುಡುಕಿ ಮತ್ತೆ ಹೊರಡುತ್ತದೆ. ಬೂಟಿಗೆ ಪಾಲಿಶ್ ಹಚ್ಚುವವನ ಬಟ್ಟೆಯಂತೆ ಅದೇ ತುಂಡು ಟೇಪು ಓದುಗೋಲಿನ ಮೇಲೆ ಅತ್ತಿಂದಿತ್ತ ಉಜ್ಜುತ್ತದೆ, ಎರಡೂ ಸವೆಯುತ್ತವೆ. ಡ್ರೈವನ್ನು ಎಷ್ಟು ಬದಲಿಸಿದರೂ ಈ ದೂರು ನಿಲ್ಲದು. ಮಗ್ಗ ಪದೇ ಪದೇ ನಿಲ್ಲುತ್ತಿರುವುದು ಕಂಡಿಕೆ ಸುತ್ತುವವರು ಹಿಂದೆ ಬಿದ್ದದ್ದರಿಂದ ಎಂದು ಶೆಡ್ಡಿನಲ್ಲಿ ಯಾರಾದರೂ ಹೇಳಬಲ್ಲರು.

ಯಂತ್ರ ದುರಸ್ತಿಯಾಯಿತು, ಹಸಿರು ದೀಪ ಬಂತು ಎಂದಿಟ್ಟುಕೊಳ್ಳೋಣ. ನಿಜವಾದ ಪರೀಕ್ಷೆ ಆಗ ಆರಂಭವಾಗುತ್ತದೆ. ಬರೆದದ್ದೆಲ್ಲ ಓದಲು ಬರುತ್ತದೆಂಬ ಭರವಸೆಯನ್ನು ಹಸಿರು ದೀಪ ಕೊಡದು. ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರ ರಾತ್ರಿ ದಣಿದ ತಂತ್ರಜ್ಞನೊಬ್ಬನು ಒಂದು ಕಂಪ್ಯೂಟರೆಂದು ತಿಳಿದು ಇನ್ನೊಂದರಲ್ಲಿದ್ದ ಮುಖ್ಯ ದತ್ತಕೋಶವನ್ನು ಅಳಿಸಿಬಿಟ್ಟನು. ಚಿಂತೆಯಿಲ್ಲ, ಬ್ಯಾಕಪ್ ಇದೆ ಎಂದು ತೆರೆದು ನೋಡಿದರೆ ಅದು ಬರಿದು. ಎರಡು ಆವೃತ್ತಿಗಳ ಹೊಂದಾಣಿಕೆಯಿಲ್ಲದೆ ಬ್ಯಾಕಪ್ ಬಹುದಿನಗಳಿಂದ ಸೋಲುತ್ತಲೇ ಇತ್ತು. ಸೋತಿತೆಂದು ತಿಳಿಸುವ ಮಿಂಚಂಚೆಗಳನ್ನು ಅಂಚೆಯ ವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು. ಅದೃಷ್ಟವಶಾತ್ ಆರು ಗಂಟೆಗಳ ಹಿಂದೆ ಬೇರಾವುದೋ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ ಸಿಕ್ಕಿತು. ನಡುವಿನ ಆರು ಗಂಟೆಗಳ ಬರಹ ಹೋದದ್ದು ಹೋಯಿತು. ಇದನ್ನು ಮುಚ್ಚಿಡದೆ ಆ ಸಂಸ್ಥೆ ತಾನೇ ಜಗತ್ತಿಗೆ ವಿವರವಾಗಿ ಹೇಳಿತು. ಅಷ್ಟರ ಮಟ್ಟಿಗೆ ಅದು ಮೆಚ್ಚತಕ್ಕ ನಡತೆ.

ಟೇಪು ಚೆನ್ನಾಗಿದ್ದು ಓದುವ ಯಂತ್ರವೇ ಇಲ್ಲವಾದರೆ? ಅಮೆರಿಕದ ಐದು ಲೂನಾರ್ ಆರ್ಬಿಟರ್ ನೌಕೆಗಳು 1966 ಮತ್ತು 1967ರಲ್ಲಿ ಚಂದ್ರನ ಚಿತ್ರಗಳನ್ನು ತೆಗೆದು ಕಳಿಸಿದವು. ಅವುಗಳ ಮೂಲ ಸಂಕೇತವು ಸುಮಾರು 1,500 ಟೇಪುಗಳಲ್ಲಿ ಉಳಿದಿತ್ತು. ಅವನ್ನು ಓದಬಲ್ಲದ್ದು ಆಂಪೆಕ್ಸ್ ಎಫ್‌ಆರ್-900 ಎಂಬ ದೈತ್ಯ ಯಂತ್ರ ಮಾತ್ರ. ಅದರ ತಯಾರಿಕೆ ಎಂದೋ ನಿಂತಿತ್ತು. ನಾನ್ಸಿ ಇವಾನ್ಸ್ ಎಂಬ ದಾಖಲೆಪಾಲಕಿ ಟೇಪುಗಳನ್ನು ನಾಶವಾಗಗೊಡಲಿಲ್ಲ; ಕೆಟ್ಟುಹೋದ ಕೆಲವು ಯಂತ್ರಗಳನ್ನು ತಮ್ಮ ಮನೆಯ ಆವರಣದಲ್ಲಿ ವರ್ಷಗಟ್ಟಲೆ ಇಟ್ಟುಕೊಂಡರು. ಡೆನಿಸ್ ವಿಂಗೊ, ಕೀತ್ ಕೌವಿಂಗ್ ಎಂಬವರು ಅವನ್ನು ತಂದು, ಕ್ಯಾಲಿಫೋರ್ನಿಯಾದ ನಾಸಾ ಕೇಂದ್ರವೊಂದರಲ್ಲಿ ಮುಚ್ಚಿಹೋಗಿದ್ದ ಮೆಕ್‌ಡೊನಾಲ್ಡ್ ಉಪಾಹಾರಗೃಹದಲ್ಲಿ ಹೂಡಿ, ಒಂದರ ಬಿಡಿಭಾಗ ಇನ್ನೊಂದಕ್ಕೆ ಸೇರಿಸಿ ದುರಸ್ತಿ ಮಾಡಿಸಿದರು. 2008ರ ನವೆಂಬರಿನಲ್ಲಿ ಮೊದಲ ಚಿತ್ರ ಹೊರಬಂತು: ಚಂದ್ರನ ಅಂಚಿನಾಚೆ ಕಾಣುವ ಭೂಮಿ, 42 ವರ್ಷ ಹಿಂದಿನದು, ಅಂದು ಅಚ್ಚಾದುದಕ್ಕಿಂತ ಎಷ್ಟೋ ಸ್ಪಷ್ಟವಾದುದು.

ಈ ಕಥೆ ಕೋಲ್ಹಾಪುರ ಜಿಲ್ಲೆಯವರಿಗೆ ದೂರದ್ದೆನಿಸಬೇಕಾಗಿಲ್ಲ. ಕೋಲ್ಹಾಪುರದ ಪುರಾಭಿಲೇಖಾಗಾರದಲ್ಲಿ ಮೋಡಿ ಲಿಪಿಯ ಕಾಗದಗಳು ರುಮಾಲು ರುಮಾಲಾಗಿ ಇವೆ. ಕಾಗದ ಗಟ್ಟಿಯಿದೆ, ಮಸಿ ಮಾಸಿಲ್ಲ. ಓದುವ ಕಣ್ಣು ಕಡಿಮೆಯಾಗಿದೆ. 2023ರಲ್ಲಿ ಮಹಾರಾಷ್ಟ್ರ ಸರಕಾರವು ಕುಣಬಿ ನಮೂದುಗಳನ್ನು ಹುಡುಕಲು ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆಯವರ ಸಮಿತಿಯನ್ನು ನೇಮಿಸಿದಾಗ, ಮೋಡಿ ಬಲ್ಲವರನ್ನು ಕಚೇರಿಗಳು ಹುಡುಕತೊಡಗಿದವು. ಅಜ್ಜನ ಕಾಲದ ಒಂದು ಸಾಲು ಮೊಮ್ಮಗನ ಪ್ರವೇಶವನ್ನು ನಿರ್ಧರಿಸುವ ಹೊತ್ತಿನಲ್ಲಿ ಆ ಸಾಲನ್ನು ಓದಬಲ್ಲವನೇ ಡ್ರೈವು.

ಗಡಿನಾಡಿನ ಕನ್ನಡ ಶಾಲೆಗಳಿಗೂ ಅಂತಹ ಸಾಲುಗಳಿವೆ. ಜನರಲ್ ರಜಿಸ್ಟರಿನಲ್ಲಿ ಬರೆದ ಹೆಸರು, ಹುಟ್ಟಿದ ತಾರೀಖು, ಜಾತಿ, ಮಾತೃಭಾಷೆ. ಶಾಲೆ ಬಿಟ್ಟ ದಾಖಲೆಯನ್ನು ಅದರಿಂದಲೇ ಕೊಡುವುದು. 2019ರ ಆಗಸ್ಟಿನಲ್ಲಿಯೂ 2021ರ ಜುಲೈನಲ್ಲಿಯೂ ಪಂಚಗಂಗೆ ಉಕ್ಕಿದಾಗ ಹಾತಕಣಂಗಲೆ, ಶಿರೋಳ ತಾಲೂಕುಗಳ ನದಿದಂಡೆಯ ಊರುಗಳಲ್ಲಿ ಮನೆ, ಅಂಗಡಿ, ಕಪಾಟುಗಳೆಲ್ಲ ನೀರು ಕಂಡವು. ಕಂಪ್ಯೂಟರ್ ಕೇಂದ್ರಗಳಲ್ಲಿ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ರೂಢಿಯಿದೆ. ಶಾಲೆಗೆ ಟೇಪ್ ಲೈಬ್ರರಿ ಬೇಕಾಗಿಲ್ಲ. ರಜಿಸ್ಟರಿನ ಪುಟಗಳ ಚಿತ್ರ ತೆಗೆದು, ಒಂದನ್ನು ಕಂಪ್ಯೂಟರಿನಲ್ಲಿ, ಇನ್ನೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟು, ಆ ಪೆನ್‌ಡ್ರೈವನ್ನು ಎತ್ತರದ ಊರಿನ ಮತ್ತೊಂದು ಶಾಲೆಯಲ್ಲಿ ಬೀಗ ಹಾಕಿ ಇರಿಸಿದರೆ ಮೂಲ ಪುಸ್ತಕವೂ ಸೇರಿ ಮೂರಾಯಿತು.

ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗುವ ವಾರ ಆ ಪೆನ್‌ಡ್ರೈವನ್ನು ತರಿಸಿ, ಬೇರೊಂದು ಕಂಪ್ಯೂಟರಿಗೆ ಹಾಕಿ, ಯಾವುದಾದರೂ ಒಂದು ಪುಟ ತೆರೆಯಬೇಕು. ಅದರಲ್ಲಿ ಕಂಡ ಒಂದು ಮಗುವಿನ ಹೆಸರನ್ನೂ ಹುಟ್ಟಿದ ತಾರೀಖನ್ನೂ ಮೇಜಿನ ಮೇಲಿನ ರಜಿಸ್ಟರಿನೊಡನೆ ತಾಳೆ ನೋಡಬೇಕು. ಹತ್ತು ನಿಮಿಷದ ಕೆಲಸ. ಅಕ್ಷರ ಓದಲು ಬಾರದಷ್ಟು ಮಸುಕಾಗಿದ್ದರೆ ಆ ಪುಟದ ಚಿತ್ರವನ್ನು ಅಂದೇ ಮತ್ತೆ ತೆಗೆಯಬೇಕು.